ತಳದ ನೀರು

ನದಿ ಸಮುದ್ರ ಸೇರುವ ಆ ಊರಿನಲ್ಲಿ ಎಲ್ಲರೂ ಅವಳನ್ನು ಬಾಟಲಮ್ಮ ಎನ್ನುತ್ತಿದ್ದರು. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಸಹಾಯಕಿ. ವಾರಕ್ಕೆರಡು ಸಲ ದೋಣಿಯಲ್ಲಿ ಕೂತು, ಅಳಿವೆಯ ಬಾಯಿಂದ ಊರಿಗೆ ನೀರೆತ್ತುವ ಪಂಪ್‌ಹೌಸಿನವರೆಗೆ ಐದು ಕಡೆ ನೀರು ತುಂಬಿಕೊಂಡು ಬರುವುದು ಅವಳ ಇಪ್ಪತ್ತಾರು ವರ್ಷದ ಕೆಲಸ. ದಡದಿಂದ ಯಾರಾದರೂ "ಏನ್ ಬಾಟಲಮ್ಮ, ಹೊಳೆಗೆ ಇವತ್ತು ಜ್ವರ ಎಷ್ಟು?" ಎಂದು ಕೂಗಿದರೆ, "ನಿನಗಿಂತ ಕಮ್ಮಿನೇ" ಎನ್ನುತ್ತ ಮುಂದೆ ಹೋಗುತ್ತಿದ್ದಳು.

ಹೊಳೆ ಮೈದುಂಬಿ ಹರಿದರೆ ಉಪ್ಪುನೀರು ಅಳಿವೆಯ ಬಾಯಲ್ಲೇ ನಿಲ್ಲುತ್ತದೆ. ಹರಿವು ಸೊರಗಿದರೆ ತಳ ಹಿಡಿದು ಸದ್ದಿಲ್ಲದೆ ಒಳಗೆ ತೆವಳುತ್ತದೆ. ಮೇಲೆ ಸಿಹಿ, ಕೆಳಗೆ ಉಪ್ಪು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೊಸದಾಗಿ ಬಂದ ಅಧಿಕಾರಿ, "ಮೇಲಿನ ನೀರು ಸಾಕು. ತಳದ್ದು ತೆಗೆಯೋಕೆ ಅರ್ಧ ದಿನ ಹಾಳು" ಎಂದ. ಮೊದಮೊದಲು ಗೊಣಗಿದಳು. ಆಮೇಲೆ ಸೊಂಟನೋವಿದ್ದ ಅವಳಿಗೂ ಅದೇ ಹಾಯೆನಿಸಿ, ಮೇಲಿನ ನೀರನ್ನಷ್ಟೇ ತುಂಬತೊಡಗಿದಳು.

ಆ ಬೇಸಿಗೆಯಲ್ಲಿ ಹೊಳೆಯ ಮೇಲ್ಭಾಗದ ಅಣೆಕಟ್ಟಿನ ಬಾಗಿಲುಗಳು ಮೂರು ತಿಂಗಳು ತೆರೆಯಲಿಲ್ಲ.

ಮನೆಯಲ್ಲಿ ಅವಳ ಜೊತೆಗಿದ್ದವಳು ಅಕ್ಕ, ಬಟ್ಟೆ ಹೊಲಿಯುವವಳು. ರಕ್ತದೊತ್ತಡವಿದ್ದ ಅಕ್ಕನಿಗೆ ಡಾಕ್ಟರು ಉಪ್ಪು ಬಿಡಿಸಿದ್ದರು. ಆದರೂ ಒತ್ತಡ ಏರುತ್ತಲೇ ಹೋಯಿತು, ಕಾಲು ಊದಿಕೊಂಡಿತು.

"ಕದ್ದು ಉಪ್ಪು ಹಾಕ್ಕೊಳ್ತೀಯಾ ನೀನು. ಚಿಕ್ಕ ಮಗುನಾ?" ಎಂದು ಬಾಟಲಮ್ಮ ಗದರಿದಳು.

"ಇಲ್ವೇ. ನೀರೇ ಒಂಥರಾ ಇದೆ, ನೋಡು."

"ನೀರು ನೋಡೋಳು ನಾನು. ನನಗೇ ಹೇಳ್ತೀಯಾ?"

ಅಕ್ಕ ಹೊಲಿಗೆಗೆ ತಿರುಗಿದಳು. ಹತ್ತು ದಿನದ ಮೇಲೆ, ಒಂದು ಬೆಳಗ್ಗೆ, ಬಟ್ಟೆ ಕತ್ತರಿಸುತ್ತಿದ್ದವಳ ಬಲಗೈ ಮೇಜಿನ ಮೇಲೇ ಸೋತು ಬಿತ್ತು. ಬಾಯಿ ಓರೆಯಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಉಪ್ಪು ಮುಟ್ಟಿಲ್ಲ ಅಂತಾರಲ್ಲ ಇವರು, ಮತ್ತೆ ಮೈಗೆ ಇಷ್ಟು ಉಪ್ಪು ಎಲ್ಲಿಂದ ಬರ್ತಿದೆ?"

ಬಾಟಲಮ್ಮ ಮನೆಗೆ ಬಂದು ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಹಿಡಿದಳು, ಉಪ್ಪಿನಂಶ ಅಳೆಯುವ ಮೀಟರಿನ ಕಡ್ಡಿ ಅದ್ದಿದಳು. ಅಂಕಿ ಕುಡಿಯುವ ನೀರಿನ ಮಿತಿ ದಾಟಿತ್ತು. ನೀರು ಚೆಲ್ಲಿ ಮತ್ತೆ ಹಿಡಿದಳು. ಅದೇ ಅಂಕಿ. ಅಲ್ಲಿಂದ ನೆಟ್ಟಗೆ ದೋಣಿಗೆ ಹೋಗಿ, ಪಂಪ್‌ಹೌಸಿನ ಬಳಿ ಹಗ್ಗ ಇಳಿಬಿಟ್ಟು ತಳದ ನೀರು ತೆಗೆದಳು. ಊರು ಕುಡಿಯುವ ನೀರೆಳೆಯುವ ಕೊಳವೆಯ ಬಾಯಿ ಇದ್ದದ್ದು ಅಲ್ಲೇ ಕೆಳಗೆ. ಸಮುದ್ರ ಅಲ್ಲಿಗೆ ಬಂದಾಗಿತ್ತು.

ಅಧಿಕಾರಿ ಅಂಕಿಗಳನ್ನು ಎರಡು ಸಲ ಓದಿದ. "ಬೇಡ ಅಂದಿದ್ದು ನಾನೇ, ಒಪ್ಪಿದೆ. ಆದ್ರೆ ಎಲ್ಲ ಗೊತ್ತಿದ್ದ ನೀವು ಯಾಕೆ ಸುಮ್ಮನಿದ್ರಿ?"

ಅವಳು ತಳದ ನೀರಿನ ಬಾಟಲಿಯನ್ನು ಅವನ ಮೇಜಿನ ಮೇಲಿಟ್ಟಳು.

ಅಂದೇ ಪಂಪು ನಿಂತಿತು, ಬೀದಿಗಳಿಗೆ ಟ್ಯಾಂಕರ್ ಬಂತು. ಎಂಟನೆಯ ದಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಉಪ್ಪು ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿಯತೊಡಗಿತು.

ಆ ಸಂಜೆ ಆಸ್ಪತ್ರೆಯ ಮಂಚದ ಪಕ್ಕ ಕೂತು ಬಾಟಲಮ್ಮ ಹೇಳಿದಳು: "ಅಕ್ಕ, ನೀನು ಹೇಳಿದ್ದೇ ಸರಿ. ಉಪ್ಪು ನೀರಲ್ಲೇ ಇತ್ತು. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ."

ಅಕ್ಕ ತೊದಲುತ್ತ ಕೇಳಿದಳು: "ನನ್ನಂಥೋರು ಊರಲ್ಲಿ ಎಷ್ಟು ಜನ ಇದಾರೋ. ಅವರಿಗೆಲ್ಲ ಹೇಳಿದ್ಯಾ?"

ಮರುದಿನ ಬಾಟಲಮ್ಮ ಒಂದು ವಾರ ರಜೆ ಹಾಕಿದಳು. ವಯಸ್ಸಾದವರು, ಬಸುರಿಯರು ಇದ್ದ ಮನೆಗಳ ಕದ ತಟ್ಟಿ, ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಳು. ಕಾರಣ ಕೇಳಿದವರಿಗೆ ತನ್ನ ತಪ್ಪನ್ನೂ ಬಿಡದೆ ಹೇಳಿದಳು. ಕೆಲವರು ಬೈದರು. ಒಬ್ಬಾಕೆ ಮುಖದ ಮೇಲೇ ಕದ ಹಾಕಿಕೊಂಡಳು. ಬಾಟಲಮ್ಮ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.