ಅಪ್ಪನ ಸ್ಟ್ಯಾಂಡ್‌ಬೈ

೧೯೭೯ರ ಅಕ್ಟೋಬರ್ ೧೯, ಶುಕ್ರವಾರ. ಆಧಾರ: ನನ್ನ ಪ್ರಾಥಮಿಕ ಶಾಲೆಯ ಸುತ್ತೋಲೆ; ದಿನಾಂಕ ಮತ್ತು ವಾರವನ್ನು ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ. ಶಾಲೆಯ ಮೂವರು ಮಕ್ಕಳಿಗೆ ಪುಟ್ಟ ವಿಮಾನದಲ್ಲಿ ಮೆಲ್ಬರ್ನಿನ ಕೊಲ್ಲಿಯ ಮೇಲೊಂದು ಸುತ್ತು. ಚೀಟಿ ಎತ್ತಿದಾಗ ಬಂದ ಮೂರು ಹೆಸರುಗಳಲ್ಲಿ ನನ್ನದೂ ಒಂದು. ಪಾಲಕರ ಒಪ್ಪಿಗೆಪತ್ರ ಸಲ್ಲಿಸಲು ಅಂದೇ ಕಡೆಯ ದಿನ. ನನಗಾಗ ಹತ್ತು ವರ್ಷ.

ಆ ಕಾಲದಲ್ಲಿ ಮೆಲ್ಬರ್ನಿನ ಹೊರವಲಯದ ಡ್ಯಾಂಡಿನಾಂಗ್‌ನ ನಮ್ಮ ಬಾಡಿಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದುದು ಅಪ್ಪನ ರೇಡಿಯೊ. ಧಾರವಾಡದಿಂದ ಬಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಅದರಲ್ಲಿ ಪೈಲಟ್‌ಗಳೂ ಕಂಟ್ರೋಲ್ ಟವರಿನವರೂ ಆಡುವ ಮಾತು ಕೇಳುವ ಹುಚ್ಚು. ಭಾನುವಾರ ವಿಮಾನ ನಿಲ್ದಾಣದ ತಂತಿಬೇಲಿಗೊರಗಿ, ಸುಟ್ಟ ಇಂಧನದ ವಾಸನೆಯಲ್ಲಿ ಹಚ್ಚಿದ ಅವಲಕ್ಕಿ ತಿನ್ನುತ್ತ ಕೇಳುತ್ತಿದ್ದೆವು. ಟವರಿನವರು ಕಡೆಗೆ ಗೆಳೆಯರಂತೆ ‘ಗುಡೇ ಮೇಟ್’ ಎಂದರೆ ನನಗೆ ಖುಷಿ. ಅಪ್ಪನಿಗೆ ಅದು ಶಿಸ್ತುಭಂಗ.

ಆ ಶಿಸ್ತು ಮನೆಯೊಳಕ್ಕೂ ಬಂತು. ಹೇಳಿದ ಕೆಲಸವನ್ನು ಮಕ್ಕಳು ಪೈಲಟ್‌ಗಳಂತೆ ಮಾತಿಗೆ ಮಾತು ತಿರುಗಿ ಹೇಳಿ ಒಪ್ಪಿಸಬೇಕು. ಅವ್ವ ಮಾತ್ರ ಬಗ್ಗಲಿಲ್ಲ.

“ರೀ, ಚಹಾ ಆರ್ತದ.”

“ರೋಜರ್.”

“ರೋಜರ್ ಅಂದ್ರ ಕೇಳಿಸ್ತು ಅಂತಷ್ಟ. ಬರ್ತೀರೋ, ಇಲ್ಲೋ?”

ಆ ವಾರದ ಸೋಮವಾರ ಅಪ್ಪನ ಮುಂದೆ ಒಪ್ಪಿಗೆಪತ್ರ ಇಟ್ಟೆ.

“ಅಪ್ಪಾ, ನಾ ಹೋಗ್ಲೇನು?”

“ಸ್ಟ್ಯಾಂಡ್‌ಬೈ.”

“ಹಂಗಂದ್ರ ಹೂಂ ಅಂತನೋ, ಉಹೂಂ ಅಂತನೋ?”

“ಎರಡೂ ಅಲ್ಲವ್ವಾ. ನಾನ ಕರೀತೀನಿ, ಅಲ್ಲೀತನಕಾ ತಡಿ.”

ತಡೆದೆ. ದಿನವೂ ಶಾಲೆಯಿಂದ ಓಡಿಬಂದು ನೋಡಿದರೆ ಸಹಿಯ ಜಾಗ ಖಾಲಿ. ಶುಕ್ರವಾರ ನನ್ನ ಸೀಟು ಬೇರೊಬ್ಬ ಹುಡುಗಿಗೆ ಹೋಯಿತು. ಅಪ್ಪ ಕರೆಯಲೇ ಇಲ್ಲ.

ಇದನ್ನು ನಾನು ನೆಂಟರ ಮುಂದೆ, ನನ್ನ ಮದುವೆಯ ಊಟದಲ್ಲಿ, ಕಡೆಗೆ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕದಲ್ಲೂ ಹೇಳಿ ಅಪ್ಪನನ್ನು ಚುಚ್ಚಿದ್ದೇನೆ. ಅವರು ಒಮ್ಮೆಯೂ ಎದುರಾಡಲಿಲ್ಲ. ಆ ಮೌನವೂ ನನಗೆ ಸಿಟ್ಟೇ ತರಿಸುತ್ತಿತ್ತು.

ಕಳೆದ ತಿಂಗಳು ಪಾಯಿಂಟ್ ಕುಕ್‌ನಲ್ಲಿರುವ ನನ್ನ ತಮ್ಮ, ಅಪ್ಪನ ಆ ವರ್ಷದ ಡೈರಿಯನ್ನು ಸಿಡ್ನಿಯಲ್ಲಿರುವ ನನಗೆ ಕಳಿಸಿದ. ಇತಿಹಾಸ ಬರೆಯುವ ಕೆಲಸದಲ್ಲಿ ಜೀವಮಾನವಿಡೀ ಅನ್ಯರ ನೆನಪುಗಳನ್ನು ದಾಖಲೆಯಿಂದ ತಿದ್ದಿದವಳು ನಾನು. ಈ ಒಂದು ಪುಟದಲ್ಲಿ ತಪ್ಪು ಹುಡುಕಿ ಸೋತಿದ್ದೇನೆ. ಕೈಬರಹ ಅಪ್ಪನದೇ, ವಾರವೂ ಸರಿಯಾಗಿದೆ. ಅದರಲ್ಲಿ ಬರೆದಿರುವುದು ನನಗೆ ಒಂದಿಷ್ಟೂ ನೆನಪಿಲ್ಲ, ಕೇಳೋಣವೆಂದರೆ ಅಪ್ಪನಿಲ್ಲ. ಅಕ್ಟೋಬರ್ ೧೮, ಗುರುವಾರ: “ಸಹಿ ಮಾಡಿ ಕೊಟ್ಟೆ. ಮಗಳು ವಿಮಾನಕ್ಕೆ ಅಂಜಿ ಅತ್ತಳು, ಪತ್ರ ಹರಿದಳು. ಯಾರ ಮುಂದೂ ಹೇಳಬೇಡ ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟೆ.”