ಉಡಿಯ ಮಗಳ ವಿದ್ಯಾರ್ಥಿವೇತನ

ಸಜ್ಜನರೇ, ಕೈಯಲ್ಲಿಯ ಕೆಲಸವನ್ನು ಒಂದಿಷ್ಟು ಬದಿಗಿಟ್ಟು ಕಿವಿಗೊಟ್ಟು ಕೇಳಿರಿ. ಇದು ಅರಸರ ಕಥೆಯಲ್ಲ, ಋಷಿಗಳ ಕಥೆಯೂ ಅಲ್ಲ. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನಿಂಬೆಯ ತೋಟದ ಅಂಚಿಗೆ ಮನೆ ಮಾಡಿಕೊಂಡು, ಯಾರ ಕಣ್ಣಿಗೂ ದೊಡ್ಡವಳಾಗಿ ಕಾಣದೆ ಬಾಳುತ್ತಿರುವ ಮುಕ್ತಾಬಾಯಿಯ ಕಥೆ.

ಮುಕ್ತಾಬಾಯಿ ಸಿಂದಗಿ ಕಡೆಯ ಕನ್ನೊಳ್ಳಿಯವಳು. ಇಂಡಿಯ ನಾರಾಯಣರಾಯರ ಕೈಹಿಡಿದು ಬಂದವಳಿಗೆ ಮನೆ ಒಲಿಯಿತು, ತೋಟ ಒಲಿಯಿತು, ಮಡಿಲು ಮಾತ್ರ ತುಂಬಲಿಲ್ಲ. ಹರಕೆ ಹೊತ್ತಳು, ಉಪವಾಸ ಮಾಡಿದಳು, ಸೊಲ್ಲಾಪುರದ ವೈದ್ಯರನ್ನೂ ಕಂಡಳು. ಹರಿಯ ಚಿತ್ತ ಬೇರೆಯಾಗಿತ್ತು.

ನಾರಾಯಣರಾಯರ ತಮ್ಮ ಸಂಕರ್ಷಣ ದೂರದೇಶಗಳ ರಾಯಭಾರ ಕಚೇರಿಗಳಲ್ಲಿ ಲೆಕ್ಕಪತ್ರ ನೋಡುವ ನೌಕರ. ಮೂರು ವರ್ಷಕ್ಕೊಂದು ದೇಶ, ಮೂರು ವರ್ಷಕ್ಕೊಂದು ಮನೆ. ಅವನಿಗೆ ಎರಡನೆಯ ಹೆಣ್ಣುಮಗು ಹುಟ್ಟಿದಾಗ ಅಣ್ಣನ ಮನೆಗೆ ಬಂದು, ದೇವರ ಕೋಣೆಯಲ್ಲಿ ತುಳಸಿಯ ನೀರು ಬಿಟ್ಟು, ಆ ಮಗುವನ್ನು ಅತ್ತಿಗೆಯ ಉಡಿಯಲ್ಲಿ ಹಾಕಿದ. "ಇವತ್ತಿನಿಂದ ಈಕಿ ನಿಮ್ಮಾಕಿ" ಎಂದ. ಆ ಮನೆತನದಲ್ಲಿ ಹಿಂದಿನಿಂದ ನಡೆದುಬಂದ ಕಟ್ಟು ಒಂದುಂಟು: ಉಡಿಯಲ್ಲಿ ಹಾಕಿದ ಮಗುವನ್ನು ಹಡೆದವರು ಮತ್ತೆ ಮಗಳೇ ಎಂದು ಕರೆಯಬಾರದು, ಅವಳೂ ಅವರನ್ನು ಚಿಕ್ಕಪ್ಪ, ಚಿಕ್ಕಮ್ಮರಂತೆ ಕಾಕಾ, ಕಾಕು ಎಂದೇ ಕರೆಯಬೇಕು. ದೇವರು ಸಾಕ್ಷಿಯಾದ ಮೇಲೆ ಕಚೇರಿಯ ಸಾಕ್ಷಿ ಯಾಕೆಂದು ದತ್ತಕದ ಕಾಗದವನ್ನು ಯಾರೂ ಮಾಡಿಸಲಿಲ್ಲ. ಮಗುವಿಗೆ ಸುಮೇಧಾ ಎಂದು ಹೆಸರಿಟ್ಟರು. ಅವಳಿಗೆ ನಾರಾಯಣರಾಯರೇ ಅಪ್ಪ, ಮುಕ್ತಾಬಾಯಿಯೇ ಆಯಿ.

ಸುಮೇಧಾ ಇಂಡಿಯ ಶಾಲೆಯಲ್ಲಿಯೇ ಓದಿದಳು. ಗಣಿತವೆಂದರೆ ಅವಳಿಗೆ ಹಬ್ಬದೂಟ. ಪಿಯುಸಿಯಲ್ಲಿ ಬಂದ ಅಂಕಗಳನ್ನು ನೋಡಿ ಪುಣೆಯ ಒಂದು ಒಳ್ಳೆಯ ಕಾಲೇಜು ಅವಳಿಗೆ ಜಾಗ ಕೊಟ್ಟಿತು. ಅಲ್ಲಿಯ ಹಾಸ್ಟೆಲು, ಶುಲ್ಕ ಎಲ್ಲವೂ ನಿಂಬೆ ತೋಟಕ್ಕೆ ಎಟುಕುವಂಥದ್ದಲ್ಲ. ಆಗ ಸಂಕರ್ಷಣನ ಫೋನು ಬಂತು. ವಿದೇಶ ಸೇವೆಯ ಕುಟುಂಬಗಳ ಸಂಘವೊಂದು ಆ ನೌಕರರ ಮಕ್ಕಳಲ್ಲಿ ಪ್ರತಿಭೆಯುಳ್ಳವರಿಗೆ ವಿದ್ಯಾರ್ಥಿವೇತನ ಕೊಡುತ್ತದೆ; ತಾನು ಸುಮೇಧಾಳ ಹೆಸರು ಕಳಿಸಿದ್ದೇನೆ; ದಿಲ್ಲಿಯಿಂದ ಮೂವರು ಮೊಬೈಲಿನ ಪರದೆಯ ಮೇಲೆ ಅವಳೊಡನೆ ಮಾತಾಡುತ್ತಾರೆ; ಅಷ್ಟಾದರೆ ಪುಣೆಯ ಬಾಗಿಲು ತೆರೆದಂತೆಯೇ ಎಂದ.

ಮುಕ್ತಾಬಾಯಿಯ ಕಣ್ಣುಗಳು ತುಂಬಿದವು. ಅವನು ಅತ್ತಿಗೆಗೆ ಮುಂದೆ ಹೇಳಿದ ಮಾತಿಗೆ ಆ ನೀರು ಅಲ್ಲಿಯೇ ನಿಂತಿತು.

"ವೈನಿ, ಆಕಿ ಅವರ ಮುಂದ ನನಗ ಕಾಕಾ ಅನಬಾರದು. ಅಪ್ಪ ಅನಬೇಕು. ಸಾಲಿ ಸಲುವಾಗಿ ಅಣ್ಣನ ಮನ್ಯಾಗ ಇಟ್ಟೀವಿ, ಖರ್ಚು ನಂದು ಅಂತ ಹೇಳಬೇಕು."

"ಸುಳ್ಳು ಹೇಳಸ್ತೀಯೇನಪಾ ಕೂಸಿನ ಬಾಯಿಂದ?"

"ಯಾವುದು ಸುಳ್ಳು? ಜನ್ಮದಾಖಲೆದಾಗ ನನ್ನ ಹೆಸರದ. ಆಫೀಸಿನ್ಯಾಗ ನನ್ನ ಮಗಳಂತನ ಅದ. ಇದ್ದದ್ದು ಇದ್ದಂಗ ಹೇಳಂತೀನಿ."

"ಹಂಗಾದ್ರ ನಾವು ಯಾರು?"

"ದೊಡ್ಡಪ್ಪ, ದೊಡ್ಡವ್ವ. ಅದೂ ಖರೇನ ಅಲ್ಲೇನು?"

ಕಾಗದದ ಮೇಲೆ ನೋಡಿದರೆ ಸಂಕರ್ಷಣನೇ ತಂದೆ; ಅದಕ್ಕೆ ಎದುರು ಹೇಳಲು ಮುಕ್ತಾಬಾಯಿಯ ಹತ್ತಿರ ಒಂದು ಚೂರು ಕಾಗದವಿರಲಿಲ್ಲ. ಹೂಂ ಎಂದರೆ ದೇವರ ಮುಂದೆ ಆದ ಮಾತು ಮಣ್ಣಾಗುತ್ತದೆ. ಊಹೂಂ ಎಂದರೆ ಮಗಳ ದಾರಿ ಮುಚ್ಚುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಗೆ ಆಚೆಯೂ ಇಲ್ಲ, ಈಚೆಯೂ ಇಲ್ಲ. ಗಂಡನನ್ನು ಕೇಳಿದಳು. ನಾರಾಯಣರಾಯರು ನಿಂಬೆಯ ಪಾತಿಗೆ ನೀರು ತಿರುವುತ್ತಿದ್ದವರು ತಲೆ ಎತ್ತದೆ, "ಓದೋದು ಆಕಿ. ಹೆಸರು ಯಾರದರೆ ಇರಲಿ" ಎಂದರು. ಪಾತಿ ತುಂಬಿ ಹೊರಗೆ ಹರಿಯುತ್ತಿದ್ದರೂ ಗುದ್ದಲಿ ಎತ್ತಲಿಲ್ಲ.

ಹೀಗೆ ಆ ತಾಯಿ ತನ್ನ ಬಾಯಿಂದಲೇ ಮಗಳಿಗೆ ಬೇರೊಬ್ಬರನ್ನು ಅಪ್ಪ ಎನ್ನಲು ಕಲಿಸತೊಡಗಿದಳು. ಹಿತ್ತಲಿನ ಕಟ್ಟೆಯ ಮೇಲೆ ನಿಂಬೆಹಣ್ಣು ಆರಿಸುತ್ತ ಇವಳು ಪ್ರಶ್ನೆ ಕೇಳುವ ದಿಲ್ಲಿಯವಳಾಗುವಳು, ಮಗಳು ಉತ್ತರ ಕೊಡುವಳು.

"ನಿಮ್ಮ ತಂದಿ ಎಲ್ಲಿರ್ತಾರ?"

"ಟರ್ಕಿ ದೇಶದ ಅಂಕಾರಾದಾಗ. ನಮ್ಮ ಕಾಕಾ ಅಲ್ಲಿ..."

"ಮತ್ತ ಕಾಕಾ ಅಂದಿ."

"ನಾಲಿಗಿ ತಿರುಗವಲ್ದು, ಆಯಿ."

"ತಿರುಗಸಬೇಕವಾ. ಇನ್ನೊಮ್ಮೆ."

ತೋಟದ ಕೆಲಸಕ್ಕೆ ಬರುವ ಗುಂಡವ್ವ ಬುಟ್ಟಿ ಇಳಿಸುತ್ತ ಇದನ್ನೆಲ್ಲ ಕೇಳುತ್ತಿದ್ದಳು. "ಅಲ್ರೀ ಬಾಯಾರ, ಗಿಳಿಗೆ ಕಲಿಸಿದಂಗ ಏನ್ ಕಲಿಸಾಕತ್ತೀರಿ?"

"ಪರೀಕ್ಷಾ ಅದ ಗುಂಡವ್ವಾ."

"ಅಪ್ಪ ಅನ್ನೂದಕ್ಕೂ ಪರೀಕ್ಷಾ ಬಂತೇನ್ರಿ? ಹಂಗಾದ್ರ ನಮ್ಮ ಮನ್ಯಾಗ ಎಲ್ಲಾವೂ ಫೇಲ. ನಮ್ಮ ಹುಡುಗ್ರು ಅಪ್ಪಗ ಸೋಮನಿಂಗ ಅಂತ ಹೆಸರ ಹಿಡದ ಒದರ್ತಾವ."

ಸುಮೇಧಾ ನಕ್ಕಳು. ಮುಕ್ತಾಬಾಯಿಗೂ ನಗು ಬಂತು. ಗುಂಡವ್ವ ಮಾತ್ರ ನಗಲಿಲ್ಲ. "ಹಡದಾಕಿ ಹೆಸರು ಕಾಗದದಾಗ ಇರತೈತ್ರಿ, ಸಾಕಿದಾಕಿ ಹೆಸರು ನಾಲಿಗ್ಯಾಗ ಇರತೈತಿ. ಕಾಗದ ಹರೀಬಹುದು, ನಾಲಿಗಿ ಹ್ಯಾಂಗ ಹರೀತೀರಿ?" ಎಂದು ಬುಟ್ಟಿ ಎತ್ತಿಕೊಂಡು ನಡೆದಳು.

ದಿಲ್ಲಿಯವರು ಗೊತ್ತುಮಾಡಿದ ದಿನ ದ್ವಾದಶಿಯಾಗಿತ್ತು. ಹಿಂದಿನ ದಿನ ಏಕಾದಶಿಯ ನಿರಾಹಾರ. ಅಂದು ಬೇಗನೆ ನೈವೇದ್ಯ ಮುಗಿಸಿ ಉಪವಾಸ ಬಿಡುವ ಪಾರಣೆ ಮಾಡಬೇಕು. ಮುಕ್ತಾಬಾಯಿ ಬೆಳಗಿನಲ್ಲಿಯೇ ಮಡಿಯುಟ್ಟು ಒಲೆಯ ಮುಂದೆ ನಿಂತಿದ್ದಳು. ಮಡಿಯಲ್ಲಿದ್ದವಳು ಯಾರನ್ನೂ ಮುಟ್ಟುವಂತಿಲ್ಲ, ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಒಳಗೊಳಗೆ ಅವಳಿಗೆ ಅದೇ ಒಳ್ಳೆಯದೆನಿಸಿತ್ತು. ಪರದೆಯಲ್ಲಿ ಕಾಣಿಸಿಕೊಳ್ಳಬೇಡಿರೆಂದು ಸಂಕರ್ಷಣ ಹೇಳಿದ್ದ. ಮಡಿಯ ನೆವದಲ್ಲಿ ಬಾಗಿಲ ಹಿಂದೆ ಉಳಿದರಾಯಿತು ಎಂದುಕೊಂಡಿದ್ದಳು.

ಪಡಸಾಲೆಯಲ್ಲಿ ಹಿತ್ತಾಳೆಯ ತಂಬಿಗೆಗೆ ಮೊಬೈಲು ಆನಿಸಿಕೊಂಡು ಸುಮೇಧಾ ಕುಳಿತಳು. ನಾರಾಯಣರಾಯರು ಅಂಗಳಕ್ಕೆ ಇಳಿದುಹೋದರು. ಮೂವರೂ ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಮಾತಾಡಿಸಿದರು. ಗಣಿತದ ಪ್ರಶ್ನೆಗಳಿಗೆ ಹುಡುಗಿ ಹರಿಯುವ ನೀರಿನಂತೆ ಉತ್ತರಿಸಿದಳು. ತಂದೆಯ ಬಗ್ಗೆ ಕೇಳಿದರು. "ನಮ್ಮ ಅಪ್ಪ" ಎಂದಳು. ಆ ಮಾತು ನೆಟ್ಟಗೆ ಬಂತು. ಬಾಗಿಲ ಹಿಂದಿದ್ದ ಮುಕ್ತಾಬಾಯಿಯ ಕೈಯ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. ತಾನೇ ಕಲಿಸಿದ ಪಾಠ ಮಗಳಿಗೆ ಬಂದುದಕ್ಕೆ ಯಾವ ತಾಯಿ ಅಳುತ್ತಾಳೆ?

ಆಗ ಆ ಮೂವರಲ್ಲಿ ಹಿರಿಯಳಾದ ಹೆಂಗಸು, ಮಗುವಿನ ಮನಸ್ಸನ್ನು ಹಗುರಗೊಳಿಸಬೇಕೆಂದು ಪ್ರೀತಿಯಿಂದಲೇ ಕೇಳಿದಳು: "ಮಗೂ, ನಿನಗೆ ಜ್ವರ ಬಂದರೆ ನಿನ್ನ ತಾಯಿ ಏನು ಮಾಡುತ್ತಾರೆ?"

ಈ ಪ್ರಶ್ನೆಗೆ ಅಭ್ಯಾಸವಾಗಿರಲಿಲ್ಲ. ಹಡೆದ ಕಾಕು ಏನು ಮಾಡುತ್ತಾಳೋ ಸುಮೇಧಾಳಿಗೆ ಗೊತ್ತಿಲ್ಲ. ಆಯಿ ಏನು ಮಾಡುತ್ತಾಳೆಂಬುದು ಗೊತ್ತು, ಹೇಳುವಂತಿಲ್ಲ. ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಪರದೆಯನ್ನು ಬಿಟ್ಟು ಅಡುಗೆಮನೆಯ ಬಾಗಿಲ ಕಡೆಗೆ ನೋಡಿದಳು. ಬಾವಿಗೆ ಬಿದ್ದವರು ಮೇಲಕ್ಕೆ ನೋಡುವ ಹಾಗೆ ನೋಡಿದಳು.

ಮುಕ್ತಾಬಾಯಿ ಹೊಸ್ತಿಲು ದಾಟಿದಳು. ನೆಟ್ಟಗೆ ಬಂದು ಮಗಳ ಮಗ್ಗುಲಲ್ಲಿ, ತೋಳಿಗೆ ತೋಳು ಹತ್ತುವಂತೆ ಕುಳಿತಳು. ಮಡಿ ಹೋಯಿತು. ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಹೀಗೆ ಹೇಳಿದಳು:

"ನಮಸ್ಕಾರ. ಈಕೆಯ ಕಾಗದದಲ್ಲಿರುವುದು ನನ್ನ ಮೈದುನನ ಹೆಸರು, ಅದು ಸುಳ್ಳಲ್ಲ. ಆದರೆ ಈಕೆಯನ್ನು ಅವನು ನಮಗೆ ಕೊಟ್ಟಿದ್ದಾನೆ. ಬೆಳೆಸಿದವರು ನಾವು, ಓದಿಸಿದವರು ನಾವು. ಈಕೆಗೆ ಜ್ವರ ಬಂದರೆ ಏನು ಮಾಡಬೇಕೆಂಬುದು ನನ್ನೊಬ್ಬಳಿಗೇ ಗೊತ್ತು. ನಿಮ್ಮ ನಿಯಮದಲ್ಲಿ ಇಂಥ ಮಗಳಿಗೆ ಜಾಗವಿದ್ದರೆ ಕೊಡಿರಿ. ಇಲ್ಲದಿದ್ದರೆ ನಿಮ್ಮ ತಪ್ಪಿಲ್ಲ. ಆದರೆ ಅವಳನ್ನು ಇನ್ನು ಕೇಳಬೇಡಿರಿ, ನನ್ನನ್ನು ಕೇಳಿರಿ."

ಆ ಹೆಂಗಸು ಕೈಮುಗಿದಳು. ಪರದೆ ಕಪ್ಪಾಯಿತು.

ಅಂಗಳದಿಂದ ಬಂದ ನಾರಾಯಣರಾಯರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹೊರಗೆ ನಿಂತು ಎಲ್ಲವನ್ನೂ ಕೇಳಿದ್ದರು. "ನೀರು ಸೇದಿಟ್ಟೀನಿ. ಮತ್ತ ಸ್ನಾನ ಮಾಡಿ ಮಡಿ ಉಟ್ಟುಕೊ. ದ್ವಾದಶಿ ಮೀರಬಾರದು" ಎಂದರು. ಅಷ್ಟೇ.

ವಿದ್ಯಾರ್ಥಿವೇತನ ಬರಲಿಲ್ಲ. ನೌಕರನ ಆಶ್ರಯದಲ್ಲಿ ಬೆಳೆದ ಮಕ್ಕಳಿಗೆ ಮಾತ್ರ ಅದು ಮೀಸಲು ಎಂದು ಸಂಘದವರು ಮರ್ಯಾದೆಯಿಂದಲೇ ತಿಳಿಸಿದರು. ಸಂಕರ್ಷಣ ಫೋನು ಮಾಡಿದ. ಬೈಯುತ್ತಾನೆಂದು ಮುಕ್ತಾಬಾಯಿ ಸಿದ್ಧಳಾಗಿದ್ದಳು, ಅವನು ಬೈಯಲಿಲ್ಲ.

"ವೈನಿ, ಇಷ್ಟು ವರ್ಷ ನಾ ಕಟ್ಟು ಮೀರಲಿಲ್ಲ. ಆಕಿ ಮುಂದ ನಿಂತ್ರೂ ಮಗಳ ಅನಲಿಲ್ಲ. ಒಂದ ದಿನ ಅಪ್ಪ ಅನಿಸಿಕೊಂಡಿದ್ರ ನಿಮ್ಮದೇನು ಹೋಗ್ತಿತ್ತು?"

ಇಂದಿಗೂ ಮುಕ್ತಾಬಾಯಿ ಸತ್ಯಕ್ಕಾಗಿ ಎದ್ದೆನೋ, ಮಗಳು ಕೈಬಿಟ್ಟು ಹೋದಾಳೆಂಬ ಹೊಟ್ಟೆಯುರಿಗಾಗಿ ಎದ್ದೆನೋ ಎಂದು ದೇವರ ಮುಂದೆ ದೀಪ ಹಚ್ಚುವಾಗ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಸುಮೇಧಾ ಈಗ ಬೆಳಗಿನ ಬಸ್ಸಿಗೆ ವಿಜಯಪುರದ ಕಾಲೇಜಿಗೆ ಹೋಗಿ ಸಂಜೆಗೆ ಮರಳುತ್ತಾಳೆ. ಅಲ್ಲಿ ಕಲಿಸುವ ಗಣಿತ ಅವಳ ಹಸಿವಿಗೆ ಸಾಲದೆಂಬುದು ತಾಯಿಗೂ ಗೊತ್ತು. ಒಮ್ಮೆ ಬಸ್ಸಿನಿಂದಿಳಿದು ಬಂದ ಹುಡುಗಿ ಚೀಲ ಕೆಳಗಿಡದೆ ಹೇಳಿದಳು:

"ನನ್ನ ಪುಣೆ ಹೋತು, ಆಯಿ."

"ಹೋತವಾ. ನನ್ನಿಂದನ ಹೋತು."

"ಸಿಟ್ಟದ ನನಗ ನಿನ್ನ ಮ್ಯಾಲೆ."

"ಇರಲಿ."

"ನೀ ಬರದಿದ್ರ ನಾ ಉಸಿರು ಕಟ್ಟಿ ಸಾಯ್ತಿದ್ದೆ. ಅದೂ ಅದ, ಇದೂ ಅದ." ಹೀಗೆಂದು ಊಟಕ್ಕೆ ತಟ್ಟೆ ಹಾಕಿಕೊಂಡಳು.

ಬಂಧುಗಳೇ, ಸತ್ಯ ಹೇಳಿದವರಿಗೆ ಬಾಗಿಲುಗಳೆಲ್ಲ ತೆರೆಯುತ್ತವೆಂದು ನಾನು ನಿಮಗೆ ಹೇಳಲಾರೆ. ಮುಕ್ತಾಬಾಯಿಗೆ ಒಂದೂ ತೆರೆಯಲಿಲ್ಲ. ಇದ್ದ ಒಂದು ಮುಚ್ಚಿತು. ಆದರೂ ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೇ: ಒಳಿತಾಗಲೆಂಬ ನಿಮ್ಮ ಆಸೆಯ ಭಾರಕ್ಕೆ ಸಿಕ್ಕು ಯಾವುದಾದರೂ ಮಗು ಮಾತು ಬಾರದೆ ನಿಮ್ಮ ಕಡೆಗೆ ನೋಡಿದರೆ, ಮಡಿಯನ್ನಾಗಲಿ ಮಾನವನ್ನಾಗಲಿ ನೆವಮಾಡಿಕೊಂಡು ಬಾಗಿಲ ಹಿಂದೆ ನಿಲ್ಲಬೇಡಿರಿ. ಎದ್ದುಬನ್ನಿರಿ, ಅದರ ಮಗ್ಗುಲಲ್ಲಿ ಕುಳಿತುಕೊಳ್ಳಿರಿ, ಅದು ಹೇಳಲಾರದ್ದನ್ನು ನೀವು ಹೇಳಿರಿ. ಆಮೇಲೆ ಬರುವ ನಷ್ಟವನ್ನೂ ಅದರೊಡನೆ ಕುಳಿತೇ ಉಣ್ಣಿರಿ.