ಉಪದೇಶಿ ದೇವಯ್ಯನ ಚೀಟಿ ಡಬ್ಬ

ಉಪದೇಶಿ ದೇವಯ್ಯನ ಸೈಕಲ್ಲು ಹಾಸನದಲ್ಲಿ ಹೊರಟರೆ ಹೊಳೆನರಸೀಪುರದಲ್ಲಿ ರಸ್ತೆಗೆ ಕಾಲು ಚಾಚಿ ಕೂತವರು ಕಾಲು ಮಡಚಿಕೊಳ್ಳುತ್ತಿದ್ದರು. ನಡುವೆ ಇಪ್ಪತ್ತು ಮೈಲಿ. ಆದರೂ ಆ ಸೈಕಲ್ಲಿನ ಕಿರುಗುಟ್ಟು ಅವನಿಗಿಂತ ಒಂದೂವರೆ ಗಂಟೆ ಮೊದಲೇ ಊರು ಮುಟ್ಟಿ, ಕಾಫಿ ಕುಡಿದು, ಅವನಿಗಾಗಿ ಕಾಯುತ್ತಿತ್ತೆಂದು ಜನ ಆಡಿಕೊಳ್ಳುತ್ತಿದ್ದರು.

ಅವನು ಹುಟ್ಟಿದ್ದು ದುದ್ದದಲ್ಲಿ, ದ್ಯಾವಯ್ಯನಾಗಿ. ಎಂಟನೇ ವಯಸ್ಸಿನಲ್ಲಿ ಮನೆಮಂದಿಯೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡಾಗ, ಅಯ್ಯನವರು (ಪಾದ್ರಿಗಳನ್ನು ಆ ಕಡೆ ಹಾಗೆ ಕರೆಯುತ್ತಿದ್ದರು) ಹೆಸರಿನ ಒತ್ತು ತೆಗೆದು ದೇವಯ್ಯ ಎಂದು ಬರೆದುಕೊಂಡರು. "ನೀರು ಉಯ್ದದ್ದು ತಲೆಗೆ, ತೊಳೆದೋಗಿದ್ದು ಒಂದೊತ್ತು" ಎಂದು ಅವನೇ ನಗುತ್ತಿದ್ದ. ದೊಡ್ಡವನಾದ ಮೇಲೆ ಕ್ರೈಸ್ತ ಸಭೆಯವರು ಅವನನ್ನು ಉಪದೇಶಿಯನ್ನಾಗಿ ಮಾಡಿದರು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಇಷ್ಟೂ ಕಡೆ ಚದುರಿಹೋದ ಕ್ರೈಸ್ತ ಮನೆಗಳನ್ನು ಸೈಕಲ್ಲಿನ ಮೇಲೆ ಸುತ್ತುವುದು ಅವನ ಕೆಲಸ. ಸುತ್ತಿ ಸುತ್ತಿ ಅವನ ಮೈಯಲ್ಲಿ ಉಳಿದದ್ದು ಎಲುಬು ಮತ್ತು ನಗು ಮಾತ್ರ. ಗಾಳಿ ಜೋರಿದ್ದ ದಿನ ಜೇಬಿಗೆ ಎರಡು ಕಲ್ಲು ಹಾಕಿಕೊಂಡು ಹೊರಡುತ್ತಾನೆಂದು ಅವನ ಹೆಂಡತಿ ಸುಬ್ಬಮ್ಮ ಬೀದಿಯಲ್ಲೆಲ್ಲ ಸಾರಿದ್ದಳು.

ಹೊಳೆನರಸೀಪುರದಲ್ಲಿ ಪ್ರಾರ್ಥನಾಲಯದ ಪಕ್ಕದ ಹೆಂಚಿನ ಕೋಣೆಯಲ್ಲಿ, ತಿಂಗಳಿಗೆರಡು ಭಾನುವಾರ ಮಧ್ಯಾಹ್ನ, ಅವನು ಯೌವನಸ್ಥರ ಕೂಟ ನಡೆಸುತ್ತಿದ್ದ. ಒಂಬತ್ತು ಜನ. ಹದಿನಾರರಿಂದ ಇಪ್ಪತ್ತೆರಡರ ವಯಸ್ಸು. ಬೈಬಲು ಕೊಟ್ಟು ಓದಿ ಎಂದರೆ ಆಕಳಿಸುವವರು, ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳಲು ನಾಚುವವರು. ಅವರಿಗಾಗಿ ದೇವಯ್ಯ ಒಂದು ಉಪಾಯ ಮಾಡಿದ. ತಗಡಿನ ಬಿಸ್ಕತ್ತು ಡಬ್ಬದ ಮುಚ್ಚಳಕ್ಕೆ ಉಳಿಯಿಂದ ಸೀಳು ಹೊಡೆದು ಕಿಟಕಿಯಲ್ಲಿಟ್ಟ. ಮನಸ್ಸಿನಲ್ಲಿರುವುದನ್ನು ಚೀಟಿ ಬರೆದು ಹಾಕಬೇಕು. ಹೆಸರು ಬರೆಯಬಾರದು. ಯಾರು ಬರೆದರೆಂದು ಯಾರೂ ಕೇಳಬಾರದು, ಗೊತ್ತಾದರೂ ಹೇಳಬಾರದು. ಈ ಮಾತನ್ನು ಅವನು ಒಂಬತ್ತು ಜನರ ಕೈಮೇಲೆ ಕೈಯಿಟ್ಟು ಕೊಟ್ಟಿದ್ದ.

ಚೀಟಿಗಳು ಬಿದ್ದವು. ಬೈಬಲಿನಲ್ಲಿ ಯೋನನನ್ನು ನುಂಗಿದ ಮೀನಿಗೆ ಅಜೀರ್ಣವಾಗಲಿಲ್ಲವೇ ಎಂದು ಒಬ್ಬರು. ನನ್ನ ಗೆಳತಿ ಕ್ರೈಸ್ತಳಲ್ಲ, ಸ್ವರ್ಗದಲ್ಲಿ ಅವಳಿಗೆ ಜಾಗವಿಲ್ಲದಿದ್ದರೆ ನಾನಲ್ಲಿ ಯಾರ ಜೊತೆ ಮಾತಾಡಲಿ ಎಂದು ಇನ್ನೊಬ್ಬರು. ದೇವಯ್ಯ ಯಾವುದಕ್ಕೂ ನೇರ ಉತ್ತರ ಕೊಟ್ಟವನಲ್ಲ. "ಉಡುಕವಾ" ಎನ್ನುತ್ತಿದ್ದ. ಹುಡುಕುತ್ತ ಹುಡುಕುತ್ತ ಸಂಜೆಯಾಗುತ್ತಿತ್ತು. ಆಕಳಿಸುತ್ತಿದ್ದವರು ದೀಪ ಹಚ್ಚುವ ಹೊತ್ತಾದರೂ ಏಳುತ್ತಿರಲಿಲ್ಲ.

ಇದನ್ನು ಸಹಿಸದವರು ಸಭೆಯ ಹಿರಿಯ ಸಮಾಧಾನಪ್ಪನವರು. ಹೆಸರೊಂದನ್ನು ಬಿಟ್ಟರೆ ಅವರಲ್ಲಿ ಸಮಾಧಾನವೆಂಬುದು ಸಾಸಿವೆಯಷ್ಟೂ ಇರಲಿಲ್ಲ. ರಸ್ತೆ ಕೆಲಸದ ಮೇಸ್ತ್ರಿಯಾಗಿ ನಿವೃತ್ತರಾದವರು. ಹಿಂದೆ ಆರು ತಿಂಗಳು ಮೈಸೂರಿನ ಬಂಗಲೆಯೊಂದರಲ್ಲಿ ಕೆಲಸಕ್ಕಿದ್ದಾಗ, ಹಾಸನದ ಕಡೆಯ ಜನ 'ಹ' ನುಂಗುತ್ತಾರೆಂದು ಯಾರೋ ಹಂಗಿಸಿದ್ದರಂತೆ. ಅಂದಿನಿಂದ ನುಂಗಿದ್ದನ್ನೆಲ್ಲ ಬಡ್ಡಿ ಸಮೇತ ಕಕ್ಕತೊಡಗಿದರು. ಆನೆ ಹಾನೆಯಾಯಿತು, ಅಕ್ಕಿ ಹಕ್ಕಿಯಾಯಿತು. ಪ್ರಾರ್ಥನೆ ಮುಗಿದಾಗ ಇಡೀ ಸಭೆ ಆಮೆನ್ ಎಂದರೆ ಅವರದೊಂದು ಹಾಮೆನ್ ಹಿಂದಿನಿಂದ ಗಾಡಿ ಬಿಟ್ಟಂತೆ ಬರುತ್ತಿತ್ತು. ಆದರೆ ಸಿಟ್ಟು ಬಂದರೆ ಅಷ್ಟೂ 'ಹ'ಗಳು ಒಂದೇ ಏಟಿಗೆ ಓಡಿಹೋಗುತ್ತಿದ್ದವು, ಇರಬೇಕಾದವೂ ಸೇರಿ.

ಸಾವಿರದ ಒಂಬೈನೂರ ಐವತ್ತೊಂಬತ್ತರ ಫೆಬ್ರವರಿಯಲ್ಲಿ ಸಮಾಧಾನಪ್ಪನವರು ಆ ಡಬ್ಬದ ಮುಚ್ಚಳ ತೆಗೆದರು. ಬಿಸ್ಕತ್ತಿದೆಯೇನೋ ಎಂದು ತೆಗೆದೆನೆಂದು ಆಮೇಲೆ ಹೇಳಿದರು. ಒಳಗೆ ಒಂದೇ ಚೀಟಿ ಇತ್ತು.

"ಬೇಡಿಕೊಂಡರೂ ದೇವರು ಅರಸದೆ ಇದ್ದರೆ ಯಾಕೆ ಬೇಡಿಕೊಳ್ಳಬೇಕು?"

ಬರೆದವರು ಹರಸದೆ ಎಂದು ಬರೆಯಹೊರಟು 'ಹ'ವನ್ನು ನುಂಗಿದ್ದರು. ಸಮಾಧಾನಪ್ಪನವರಿಗೆ ಆ ಪ್ರಶ್ನೆ ಕಂಡು ಮೈ ಉರಿಯಿತು, ಆ ಕಾಗುಣಿತ ಕಂಡು ಮೈ ಪೂರ್ತಿ ಸುಟ್ಟಿತು. ಅದೇ ದಿನ ಜಿಲ್ಲೆಯ ದೊಡ್ಡ ಅಯ್ಯನವರಿಗೆ ನಾಲ್ಕು ಪುಟದ ಕಾಗದ ಹೋಯಿತು. ಉಪದೇಶಿ ದೇವಯ್ಯ ಕೂಟದ ಹೆಸರಿನಲ್ಲಿ ನಾಸ್ತಿಕರನ್ನು ಬೆಳೆಸುತ್ತಿದ್ದಾನೆ, ಬಂದು ನೋಡಬೇಕು. ವಾರದಲ್ಲೇ ಉತ್ತರ ಬಂತು. ಮಾರ್ಚಿ ಎರಡನೇ ಭಾನುವಾರ ಬರುತ್ತೇವೆ. ಬರೆದವರ ಹೆಸರು ತಿಳಿಯಬೇಕು. ತಿಳಿಯದಿದ್ದರೆ ಕೂಟ ಮುಚ್ಚಬೇಕು.

ಬರೆದವರು ಯಾರೆಂದು ದೇವಯ್ಯನಿಗೆ ಚೀಟಿ ನೋಡಿದ ಕೂಡಲೇ ಗೊತ್ತಾಗಿತ್ತು. ಸಣ್ಣಕ್ಕ. ಹದಿನೆಂಟರ ಹುಡುಗಿ. ಅವಳ ತಾಯಿ ಮಾರಮ್ಮ ಏಳು ತಿಂಗಳು ಹಾಸಿಗೆ ಹಿಡಿದಿದ್ದಳು. ಏಳು ತಿಂಗಳೂ ಸಣ್ಣಕ್ಕ ಮಂಡಿಯೂರಿ ಬೇಡಿದ್ದಳು. ಸಂಕ್ರಾಂತಿಯ ಹೊತ್ತಿಗೆ ಮಾರಮ್ಮ ತೀರಿಕೊಂಡಳು. ಈಗ ಆ ಹುಡುಗಿಗೆ ಮಿಷನ್ ಆಸ್ಪತ್ರೆಯಲ್ಲಿ ದಾದಿ ಕೆಲಸ ಕಲಿಯಲು ಜಾಗ ಸಿಕ್ಕಿತ್ತು. ಹೋಗಲು ಸಭೆಯ ಒಪ್ಪಿಗೆ ಪತ್ರ ಬೇಕು, ಆ ಪತ್ರಕ್ಕೆ ದೊಡ್ಡ ಅಯ್ಯನವರ ರುಜು ಬೇಕು. ಹೆಸರು ಹೇಳಿದರೆ ಹುಡುಗಿ ಕೆಟ್ಟಳು. ಹೇಳದಿದ್ದರೆ ಕೂಟ ಕೆಟ್ಟಿತು.

ಆ ಭಾನುವಾರ ಬೆಳಿಗ್ಗೆ ದೇವಯ್ಯ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವನು ಹೊಡೆಯುತ್ತಲೇ ಇದ್ದ. ಇನ್ನೆರಡು ಸಲ ಒತ್ತಿದ್ದರೆ ಸೈಕಲ್ಲು ಮೇಲಕ್ಕೆ ಹಾರಿ ಊರಾಚೆಯ ಬೂವನಹಳ್ಳಿಯಲ್ಲಿ ಇಳಿಯುತ್ತಿತ್ತು. ಸುಬ್ಬಮ್ಮ ಬಾಗಿಲಿಗೆ ಬಂದಳು.

"ಯಾರೂಂತ ನಿಮಗೆ ಗೊತ್ತಲ್ವಾ?"

"ಗೊತ್ತು ಕಣೆ."

"ಮತ್ತೆ ಏಳಿ."

ದೇವಯ್ಯ ಪಂಪು ಬಿಟ್ಟು ಎದ್ದು ನಿಂತ.

"ನಿಂತ್ಕೊಳಿ ಅನ್ನಲಿಲ್ಲ ಕಣ್ರೀ, ಬಾಯಲ್ಲಿ ಏಳಿ ಅಂದೆ. ನನ್ನ ಅತ್ರಾನೂ ಏಳಬಾರದಾ?"

"ನಿನ್ನ ಅತ್ರ ಏಳಿದ್ರೆ ಊರಿಗೆ ಡಂಗುರ ಯಾತಕ್ಕೆ?"

"ಮುಚ್ಚಿದ್ರೆ ಏನ್ಮಾಡ್ತೀರಿ?"

ದೇವಯ್ಯ ಪಂಪನ್ನು ಗೋಡೆಗೊರಗಿಸಿದ. ಸೈಕಲ್ಲು ಹತ್ತಿದ. ಆ ದಿನ ಅದು ಸದ್ದು ಮಾಡಲಿಲ್ಲವೆಂದು, ಹಾಗಾಗಿ ಹೊಳೆನರಸೀಪುರದಲ್ಲಿ ಇಬ್ಬರು ಕಾಲು ತುಳಿಸಿಕೊಂಡರೆಂದು ಹೇಳುತ್ತಾರೆ.

ಕೋಣೆಯಲ್ಲಿ ಒಂಬತ್ತು ಜನರೂ ಚಾಪೆಯ ಮೇಲೆ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೊಡ್ಡ ಅಯ್ಯನವರು ಕುರ್ಚಿಯಲ್ಲಿದ್ದರು. ಮಂಗಳೂರ ಕಡೆಯವರು, ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಇಡುವವರಂತೆ ಮಾತಾಡುವವರು. ಮೇಜಿನ ಮೇಲೆ ಡಬ್ಬ, ಡಬ್ಬದ ಮುಂದೆ ಆ ಚೀಟಿ. ಸಮಾಧಾನಪ್ಪನವರು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದರು.

"ದೇವಯ್ಯನವರೇ, ಇದನ್ನು ಬರೆದವರು ಯಾರೆಂದು ನಿಮಗೆ ತಿಳಿದಿದೆಯೇ?"

ಗೊತ್ತಿಲ್ಲ ಎಂದುಬಿಟ್ಟರೆ ಸಾಕಿತ್ತು. ಆದರೆ ಸುಳ್ಳು ಹೇಳಿದರೆ ದೇವಯ್ಯನ ಕಿವಿ ಕೆಂಪಗಾಗುತ್ತಿತ್ತು, ಮೂರು ತಾಲೂಕಿಗೆ ಕಾಣುವಷ್ಟು.

"ಗೊತ್ತು ಸಾ."

"ಹೇಳುತ್ತೀರಾ?"

"ಇಲ್ಲ ಸಾ. ಏಳಾಕಿಲ್ಲ ಅಂತ ಈ ಮಕ್ಕಳಿಗೆ ಮಾತು ಕೊಟ್ಟಿದೀನಿ."

"ಹಾಗಾದರೆ ಕೂಟ ಮುಚ್ಚಬೇಕಾಗುತ್ತದೆ."

ದೇವಯ್ಯ ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಅದು ಡಬ್ಬಕ್ಕೆ ತಾಗಿ ಟಿಣ್ಣೆಂದಿತು. ಹಿಂದಿನ ಸಾಲಿನಲ್ಲಿ ಸಣ್ಣಕ್ಕ ತಲೆಯೆತ್ತಿದ್ದನ್ನು ಅವನು ಕಂಡ. ಬೇಡ ಎಂದು ಕಣ್ಣಲ್ಲೇ ಹೇಳಿದ.

"ಹಯ್ಯನವರೇ, ಹವರು ಹೇಳುವುದು ಬೇಡ" ಎಂದು ಸಮಾಧಾನಪ್ಪನವರು ಮುಂದೆ ಬಂದರು. "ಹುಪಾಯ ನನ್ನಲ್ಲಿದೆ. ಹಿಲ್ಲಿ ಹೆಲ್ಲರಿಗೂ ಹೊಂದೊಂದು ಕಾಗದ ಕೊಡೋಣ. ನಾನು ಹುಕ್ತಲೇಖನ ಕೊಡುತ್ತೇನೆ. ದೇವರು ನಮ್ಮನ್ನು ಹರಸಲಿ, ಹೊಂದೇ ವಾಕ್ಯ. 'ಹ' ಬಿಟ್ಟು ಬರೆದವರೇ ಕಳ್ಳರು."

ದೇವಯ್ಯ ಹಿಂದಿನ ಸಾಲಿನ ಕಡೆ ನೋಡಿದ. ಮಾತಿನಲ್ಲಿ ಒಂಬತ್ತು ಜನವೂ 'ಹ' ನುಂಗುವವರೇ. ಬರವಣಿಗೆಯ ಕಥೆ ಬೇರೆ. ಎಂಟು ಜನ ಸ್ಕೂಲು ಮುಗಿಸಿದವರು. ತಾಯಿಯ ಕಾಯಿಲೆಗೆ ಸ್ಕೂಲು ಬಿಟ್ಟು, ಕಿವಿಯಲ್ಲಿ ಕೇಳಿದ್ದನ್ನೇ ಕಾಗದಕ್ಕೆ ಇಳಿಸುವವಳು ಸಣ್ಣಕ್ಕ ಒಬ್ಬಳೇ. ಬಲೆ ಅವಳಿಗೆಂದೇ ಅಳತೆ ಕೊಟ್ಟು ಹೆಣೆಸಿದಂತಿತ್ತು.

ಅಯ್ಯನವರು ಕ್ಷಣ ಯೋಚಿಸಿ ಸರಿ ಎಂದರು. ಕಾಗದ ಹಂಚಿದ್ದಾಯಿತು. ಸಮಾಧಾನಪ್ಪನವರು ಗಂಟಲು ಸರಿಮಾಡಿಕೊಂಡರು. ಆಗ ಗುಂಡಯ್ಯ ಕೈಯೆತ್ತಿದ. ಮೇಷ್ಟ್ರ ತರಬೇತಿಗೆ ಹೋಗುತ್ತಿದ್ದ ಹುಡುಗ, ಕೂಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕನ್ನಡ ಬರೆಯುವವನು.

"ಒಂದು ಅನುಮಾನ ಸಾ. ಆನೆ ಬರೀಬೇಕಾದ್ರೆ ಮೊದಲು ಹ ಬತ್ತದಾ, ಆ ಬತ್ತದಾ?"

ಯಾರೋ ಕಿಸಕ್ಕೆಂದರು. ಅದುಮಿಟ್ಟುಕೊಂಡಿದ್ದ ನಗು ಚಾಪೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಸಮಾಧಾನಪ್ಪನವರ ಮುಖ ಕೆಂಡವಾಯಿತು. ಅದರ ಮೇಲೆ ಒಂದು ಬಾಣಲಿ ಇಟ್ಟಿದ್ದರೆ ಒಂಬತ್ತು ಜನಕ್ಕೂ ಬೋಂಡ ಆಗುತ್ತಿತ್ತು.

"ಅಲ್ಲು ಕಿರೀತೀರೇನ್ರಲಾ? ಬರ್ಕೊಳ್ರಿ ಬಾಯ್ಮುಚ್ಕೊಂಡು. ದೇವರು... ನಮ್ಮನ್ನು... ಅರಸಲಿ. ಆತಾ? ಅರಸಲಿ."

ಅಯ್ಯನವರು ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಪೆನ್ಸಿಲ್ಲುಗಳು ಕಾಗದದ ಮೇಲೆ ಕರಕರ ಎಂದವು. ದೇವಯ್ಯ ಗುಂಡಯ್ಯನ ಕೈಯನ್ನೇ ನೋಡುತ್ತಿದ್ದ. ಅವನು ಅಭ್ಯಾಸಬಲದಿಂದ 'ಹ' ಬರೆದ. ನಿಂತ. ಪಕ್ಕದವನ ಕಡೆ ನೋಡಿದ. ಅದನ್ನು ಹೊಡೆದುಹಾಕಿ 'ಅ' ಬರೆದ.

ಅಯ್ಯನವರು ಚೀಟಿಗಳನ್ನು ಕೂಡಿಸಿಕೊಂಡು ಒಂದೊಂದಾಗಿ ಗಟ್ಟಿಯಾಗಿ ಓದಿದರು.

"ದೇವರು ನಮ್ಮನ್ನು ಅರಸಲಿ."

"ದೇವರು ನಮ್ಮನ್ನು ಅರಸಲಿ."

ಮೂರನೆಯದು, ನಾಲ್ಕನೆಯದು, ಐದನೆಯದು. ಆರನೆಯದನ್ನು ಬೆಳಕಿಗೆ ಹಿಡಿದು, ಹೊಡೆದುಹಾಕಿದ ಅಕ್ಷರವನ್ನು ನೋಡಿ, ಅದನ್ನೂ ಹಾಗೆಯೇ ಓದಿದರು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಅವರ ದನಿ ವಿಚಾರಣೆ ಮಾಡುವವರ ದನಿಯಾಗಿ ಉಳಿದಿರಲಿಲ್ಲ, ಪೀಠದ ಮುಂದೆ ನಿಂತವರ ದನಿಯಾಗಿತ್ತು.

"ಹಿರಿಯರೇ, ಒಂಬತ್ತೂ ಜನ ನೀವು ಹೇಳಿದ್ದನ್ನೇ ಬರೆದಿದ್ದಾರೆ. ಯಾರ ಹೆಸರು ಬರೆದುಕೊಳ್ಳಲಿ?"

"ನಾನು ಅರಸಲಿ ಅಂದ್ನಾ?" ಎಂದರು ಸಮಾಧಾನಪ್ಪನವರು. ಅವರು ನಿಧಾನವಾಗಿ ಗೋಡೆಗೊರಗಿದರು.

ಇಲ್ಲಿಗೆ ಮುಗಿಯಿತು ಎಂದು ದೇವಯ್ಯ ಉಸಿರು ಬಿಟ್ಟ. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳಬೇಕಾಯಿತು. ಸಣ್ಣಕ್ಕ ಎದ್ದು ನಿಂತಿದ್ದಳು.

"ಆ ಚೀಟಿ ನಂದು ಸಾ."

"ಕೂತ್ಕೊಳವ್ವಾ" ಎಂದ ದೇವಯ್ಯ.

"ಬ್ಯಾಡಿ ಉಪದೇಶಿಗಳೇ. ನೀವು ಬೀಗದ ಕೈ ಕೊಟ್ಬುಟ್ರಿ. ನಾನು ಇಂಗೇ ಕುಂತಿರಕ್ಕಾಯ್ತದಾ?"

ಅಯ್ಯನವರು ಹಳೆಯ ಚೀಟಿಯನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ಓದಿಕೊಂಡರು.

"ನೀನು ಬರೆದದ್ದು ಯಾವುದಮ್ಮಾ? ದೇವರು ಹರಸಲಿಲ್ಲವೆಂದೋ, ಅರಸಲಿಲ್ಲವೆಂದೋ?"

"ಎರಡೂ ಒಂದೇ ಅಲ್ವಾ ಸಾ?"

"ಅಲ್ಲ. ಒಂದು ಆಶೀರ್ವದಿಸುವುದು. ಇನ್ನೊಂದು ಹುಡುಕಿಕೊಂಡು ಬರುವುದು."

ಸಣ್ಣಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಚಿಕ್ಕೋಳಿದ್ದಾಗ ನಾನು ಸಂತೇಲಿ ತಪ್ಪಿಸ್ಕೊಂಡಿದ್ದೆ. ಅವ್ವ ಕೋಲಿಡ್ಕೊಂಡು ಉಡುಕ್ಕೊಂಡು ಬಂದ್ಲು. ಒಡೀತಾಳೆ ಅಂತ ಅವಿತ್ಕೊಂಡೆ. ಅವಿತ್ಕೊಂಡಿದ್ರೂ ಉಡುಕಿದ್ಲು. ಅವ್ವ ಓದ್ಮೇಲೆ ನನ್ನ ಉಡುಕೋರು ಯಾರೂ ಇಲ್ಲ ಅನ್ನುಸ್ತು." ಅಯ್ಯನವರ ಕೈಯಲ್ಲಿದ್ದ ಚೀಟಿಯ ಕಡೆ ನೋಡಿ ಹೇಳಿದಳು: "ಬರೆದಾಗ ನಾನಂದಿದ್ದು ಮೊದಲ್ನೇದು. ಈಗ ನೀವು ಓದೋದು ಕೇಳ್ತಿದ್ರೆ, ನಂಗೆ ಬೇಕಾಗಿರೋದು ಎರಡ್ನೇದು ಅನ್ನುಸ್ತದೆ ಸಾ."

ಅಯ್ಯನವರು ಕನ್ನಡಕ ತೆಗೆದು ಒರೆಸಿದರು, ಅದರಲ್ಲಿ ಧೂಳಿಲ್ಲದಿದ್ದರೂ. ಆಮೇಲೆ ಹಳೆಯ ಚೀಟಿಯನ್ನು ಮಡಚಿ ಮುಚ್ಚಳದ ಸೀಳಿನಲ್ಲಿ ಮತ್ತೆ ಒಳಗೆ ತಳ್ಳಿದರು. ಬೀಗದ ಕೈಯನ್ನು ದೇವಯ್ಯನ ಕಡೆ ಸರಿಸಿದರು.

"ಇದು ಪ್ರಶ್ನೆ. ಅಪರಾಧವಲ್ಲ. ಆ ಮುಚ್ಚಳವನ್ನು ಮಾತ್ರ ಇನ್ನು ಮೇಲೆ ನೀವೊಬ್ಬರೇ ತೆಗೆಯಬೇಕು. ಹುಡುಗಿಯ ಪತ್ರ ಎಲ್ಲಿದೆ, ತನ್ನಿ, ರುಜು ಹಾಕುತ್ತೇನೆ." ಕೊನೆಗೆ ಎದ್ದು ನಿಂತು ಪ್ರಾರ್ಥಿಸಿದರು. ಮಂಗಳೂರ ಬಾಯಿ ಜೀವಮಾನದಲ್ಲಿ ಮೊದಲ ಸಲ ಒಂದು 'ಹ'ವನ್ನು ಬೇಕೆಂದೇ ಬಿಟ್ಟಿತು. ಎಲ್ಲರೂ ಆಮೆನ್ ಎಂದರು. ಹಿಂದಿನಿಂದ ಬರಬೇಕಾದ ಹಾಮೆನ್ ಆ ದಿನ ಬರಲಿಲ್ಲ.

ಸಣ್ಣಕ್ಕ ದಾದಿಯಾದಳು. ಗುಂಡಯ್ಯ ಅರಕಲಗೂಡಿನ ಕಡೆ ಮೇಷ್ಟ್ರಾದ. ಕೂಟಕ್ಕೆ ಬೇರೆ ಹುಡುಗರು ಬಂದರು, ಬೇರೆ ಹುಡುಗಿಯರು ಬಂದರು, ಡಬ್ಬ ಮಾತ್ರ ಅದೇ ಉಳಿಯಿತು. ಅರವತ್ತೇಳರಲ್ಲಿ, ದೇವಯ್ಯನ ಮಂಡಿಗಳೂ ಸೈಕಲ್ಲಿನಷ್ಟೇ ಕಿರುಗುಟ್ಟತೊಡಗಿದ್ದಾಗ, ಒಂದು ಭಾನುವಾರ ಅವನು ಮುಚ್ಚಳ ತೆಗೆದು ಚೀಟಿಯೊಂದನ್ನು ಬಿಡಿಸಿದ. ನಡುಗುವ ಕೈಬರಹ, ದಪ್ಪ ಮಸಿ.

"ಸಾವಿಗೆ ಹಂಜುವವನು ವಿಶ್ವಾಸಿಯೇ?"

ದೇವಯ್ಯ ಅದನ್ನು ಎರಡು ಸಲ ಓದಿಕೊಂಡ. ಆ ವಾರವೆಲ್ಲ ಸಮಾಧಾನಪ್ಪನವರು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಆ ಬೆಳಿಗ್ಗೆ ಅವರ ಸೊಸೆ ಪ್ರಾರ್ಥನಾಲಯಕ್ಕೆ ಹೂವಿಡಲು ಬಂದವಳು ಕಿಟಕಿಯ ಹತ್ತಿರ ಅರೆಗಳಿಗೆ ನಿಂತಿದ್ದನ್ನು ಅವನು ನೋಡಿದ್ದ.

"ಹಂಜುವವನಾ? ಯಾರು ಸಾ ಬರೆದಿರೋದು?" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಚೀಟಿಗೆ ಇಣುಕಿ ನಗುತ್ತ ಕೇಳಿದಳು.

ದೇವಯ್ಯ ಚೀಟಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ.

"ಅದ ಕೇಳಂಗಿಲ್ಲ ಕಣವ್ವ. ನಂಗೂ ಅಂಜಿಕೆ ಅದೆ. ನಿಂಗೆ ಇಲ್ವಾ? ಬಾ, ಚಾಪೆ ಇತ್ಲಾಗೆ ಎಳಕೊ. ಉಡುಕವಾ."